ಹೆಜ್ಜೆಗೆ ಆಧಾರವಾಗುವ ಸ್ನಾಯುಗಳು

ಕೇಳುಗ ಬಾಂಧವರಿಗೆ ನಮಸ್ಕಾರ.

ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಕೊನೆಕೊಯ್ಲಿನ ಕಾಲಕ್ಕೆ ಕೊನೆಗೌಡರು ಅಡಿಕೆಮರ ಏರುವುದನ್ನು ನೋಡಿದವರು ಸಾಮಾನ್ಯವಾಗಿ ಅವರ ತೋಳಿನ ಬಲವನ್ನು ಮೆಚ್ಚುತ್ತಾರೆ. ಆದರೆ ಮೈಭಾರವನ್ನು ಮೇಲಕ್ಕೆ ದೂಡುವ ದುಡಿಮೆಯಲ್ಲಿ ದೊಡ್ಡ ಪಾಲು ಸೊಂಟದ್ದು ಮತ್ತು ತೊಡೆಯದು. ಕಾಲಿಗೆ ತಳೆ ಹಾಕಿಕೊಂಡು ಮರವನ್ನು ಅವುಚಿದಾಗ ತೊಡೆಯ ಒಳಮಗ್ಗುಲಿನ ಅಡಕ್ಟರ್ ಸ್ನಾಯುಗಳು ಕಾಲುಗಳನ್ನು ಒಳಕ್ಕೆ ಸೆಳೆದು ಹಿಡಿಯುತ್ತವೆ. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮಡಿಸಿದ ಮೊಣಕಾಲನ್ನು ನೆಟ್ಟಗಾಗಿಸುತ್ತದೆ. ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್ ಬಾಗಿದ ಸೊಂಟವನ್ನು ನೆಟ್ಟಗಾಗಿಸುತ್ತದೆ.

ಕ್ವಾಡ್ರಿಸೆಪ್ಸ್ ನಾಲ್ಕು ಭಾಗಗಳ ಸ್ನಾಯು. ಮೂರು ಭಾಗಗಳು ತೊಡೆಯೆಲುಬಿನಿಂದಲೇ ಹುಟ್ಟಿದರೆ, ನಾಲ್ಕನೆಯದು ಸೊಂಟದ ಎಲುಬಿನಿಂದ ಹೊರಟು ಎರಡು ಕೀಲುಗಳನ್ನು ದಾಟುತ್ತದೆ. ನಾಲ್ಕೂ ಮಂಡಿಚಿಪ್ಪಿನಲ್ಲಿ ಸೇರಿ, ಅಲ್ಲಿಂದ ಮೊಣಕಾಲಿನ ಕೆಳಗಿನ ಎಲುಬನ್ನು ಹಿಡಿಯುತ್ತವೆ. ಯಕ್ಷಗಾನದ ವೇಷಧಾರಿ ಮಂಡಿ ಹಾಕಿ ಎದ್ದಾಗಲೆಲ್ಲ ಈ ಸ್ನಾಯುವಿನ ಪರೀಕ್ಷೆ ನಡೆಯುತ್ತದೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಗುಂಪಿನ ಮೂರು ಸ್ನಾಯುಗಳು, ಒಂದರ ಚಿಕ್ಕ ತಲೆಯನ್ನು ಬಿಟ್ಟರೆ, ಕುಳಿತಾಗ ನೆಲಕ್ಕೆ ತಾಗುವ ಎಲುಬಿನಿಂದ ಹೊರಟು ಮೊಣಕಾಲನ್ನು ದಾಟುತ್ತವೆ. ಮೊಣಕಾಲು ನೆಟ್ಟಗಿಟ್ಟು ಬಾಗಿ ಸಸಿ ನೆಡುವವರಿಗೆ ತೊಡೆಯ ಹಿಂದೆ ಬಿಗಿತವಾಗುವುದು ಇದೇ ಕಾರಣಕ್ಕೆ: ಎರಡೂ ತುದಿಗಳಲ್ಲಿ ಅವು ಎಳೆತಕ್ಕೊಳಗಾಗುತ್ತವೆ. ಮೊಣಕಾಲನ್ನು ತುಸು ಮಡಿಸಿದರೆ ಆ ಎಳೆತ ಸಡಿಲುತ್ತದೆ.

ಆದರೆ ನಾನು ಇಂದು ವಿಶೇಷವಾಗಿ ಹೇಳಬೇಕೆಂದಿರುವುದು ಸೊಂಟದ ಪಕ್ಕದಲ್ಲಿರುವ, ಜನರ ಬಾಯಲ್ಲಿ ಹೆಸರೇ ಇಲ್ಲದ ಗ್ಲೂಟಿಯಸ್ ಮೀಡಿಯಸ್ ಕುರಿತು. ಗಾತ್ರದಲ್ಲಿ ಮ್ಯಾಕ್ಸಿಮಸ್ ದೊಡ್ಡದಾದರೂ ಸಮತಟ್ಟಾದ ನೆಲದ ನಡಿಗೆಯಲ್ಲಿ ಅದಕ್ಕೆ ಹೆಚ್ಚಿನ ಶ್ರಮವಿಲ್ಲ. ದೇವಿಮನೆಯಂಥ ಘಟ್ಟ ಹತ್ತುವಾಗ, ನೆಲದಿಂದ ಏಳುವಾಗ ಅದು ದುಡಿಯುತ್ತದೆ. ಮೀಡಿಯಸ್‌ಗೆ ಮಾತ್ರ ಪ್ರತಿ ಹೆಜ್ಜೆಯಲ್ಲೂ ಕೆಲಸ. ಕಾರವಾರದ ಕಡಲತೀರದಲ್ಲಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಡೆಯುವ ಮಹಿಳೆ ಬಲಗಾಲನ್ನು ಎತ್ತಿದ ಕ್ಷಣದಲ್ಲಿ ಇಡೀ ಭಾರ ಎಡಗಾಲಿನ ಮೇಲೆ ಬೀಳುತ್ತದೆ. ಆಗ ಸೊಂಟದ ಬಲಭಾಗ ಕೆಳಕ್ಕೆ ಜಾರದಂತೆ ಎಡಬದಿಯ ಮೀಡಿಯಸ್, ತನ್ನ ಕೆಳಗಿರುವ ಗ್ಲೂಟಿಯಸ್ ಮಿನಿಮಸ್ ಎಂಬ ಚಿಕ್ಕ ಸ್ನಾಯುವಿನ ಜೊತೆಗೂಡಿ, ಹಿಡಿದು ನಿಲ್ಲಿಸುತ್ತದೆ. ಕೀಲಿಗೆ ತೀರ ಹತ್ತಿರದಿಂದ ಎಳೆಯುವ ಕಾರಣ ಅದು ಮೈಭಾರಕ್ಕಿಂತ ಹೆಚ್ಚಿನ ಬಲವನ್ನು ಹೂಡಬೇಕಾಗುತ್ತದೆ. ಅದರ ಬಲವೂ ಮೈಭಾರವೂ ಸೇರಿ, ಒಂಟಿಕಾಲಿನಲ್ಲಿ ನಿಂತಾಗ ಸೊಂಟದ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ.

ಈ ಸ್ನಾಯು ಅಥವಾ ಅದರ ನರ ದುರ್ಬಲವಾದರೆ ಎತ್ತಿದ ಕಾಲಿನ ಕಡೆಗೆ ಸೊಂಟ ಇಳಿಯುತ್ತದೆ. ಜರ್ಮನಿಯ ಶಸ್ತ್ರಚಿಕಿತ್ಸಕ ಫ್ರೀಡ್ರಿಚ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ಇದನ್ನು ವಿವರಿಸಿದರು; ವೈದ್ಯರು ಇಂದಿಗೂ ರೋಗಿಯನ್ನು ಒಂಟಿಕಾಲಿನಲ್ಲಿ ನಿಲ್ಲಿಸಿ ಇದನ್ನೇ ಪರೀಕ್ಷಿಸುತ್ತಾರೆ. ನಡೆಯುವಾಗ ಮೈ ಪಕ್ಕಕ್ಕೆ ವಾಲುತ್ತಿದ್ದರೆ ಅದನ್ನು ವಯಸ್ಸಿನ ಲಕ್ಷಣವೆಂದು ಬಿಟ್ಟುಬಿಡದೆ ವೈದ್ಯರಿಗೆ ತೋರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಊರುಗೋಲು ಹಿಡಿಯುವ ಹಿರಿಯರಿಗೂ ಇದರಲ್ಲಿ ತಿಳಿಯಬೇಕಾದದ್ದಿದೆ. ಎಡ ಸೊಂಟ ನೋಯುತ್ತಿದ್ದರೆ ಕೋಲು ಬಲಗೈಯಲ್ಲಿರಬೇಕು, ಎಡಗಾಲು ಇಡುವಾಗಲೇ ಕೋಲನ್ನೂ ಊರಬೇಕು. ನೋಯುವ ಕೀಲಿನಿಂದ ದೂರದಲ್ಲಿ ಕೈ ಒತ್ತುವುದರಿಂದ, ಆ ಸ್ವಲ್ಪವೇ ಒತ್ತಡವು ಎಡಬದಿಯ ಮೀಡಿಯಸ್ ಹೊರಬೇಕಾದ ಹೊರೆಯನ್ನು ಬಹಳಷ್ಟು ಇಳಿಸುತ್ತದೆ.