ಬಿಳಿಯಾದ ಹಲ್ಲು ಜುಮ್ಮೆಂದಾಗ

ಕೇಳುಗರಿಗೆಲ್ಲ ನಮಸ್ಕಾರ.

ಹಲ್ಲು ಬಿಳಿ ಮಾಡಿಸಿಕೊಂಡ ದಿನದ ರಾತ್ರಿ. ಕನ್ನಡಿ ಮುಂದೆ ನಿಂತು ನಾಲ್ಕು ಸಲ ನಕ್ಕು ನೋಡಿಕೊಂಡಾಗಿದೆ. ಮಲಗುವ ಮುಂಚೆ ನೀರು ಕುಡಿಯೋಣ ಅಂತ ಲೋಟ ಬಾಯಿಗಿಟ್ಟರೆ ಮುಂದಿನ ಹಲ್ಲೊಂದು ಜುಮ್ಮೆನ್ನುತ್ತದೆ. ಸೂಜಿಯಲ್ಲಿ ಚುಚ್ಚಿದ ಹಾಗೆ ಒಂದು ಚಳುಕು. ಎರಡು ಕ್ಷಣ ಅಷ್ಟೇ, ಆಮೇಲೆ ಏನೂ ಇಲ್ಲ. ಕೆಲವರಿಗೆ ನೀರೂ ಬೇಕಿಲ್ಲ. ಸುಮ್ನೆ ಕೂತಿದ್ದಾಗಲೇ ಛಳಕ್ ಅಂತ ಹೊಡೆದು ಹೋಗುತ್ತದೆ.

ನಾನು ಹಲ್ಲಿನ ಡಾಕ್ಟರು. ಮಾರನೆಯ ಬೆಳಿಗ್ಗೆ ಬರುವ ಫೋನಿನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಡಾಕ್ಟ್ರೇ, ನನ್ನ ಹಲ್ಲು ಹಾಳಾಯ್ತಾ?’

ಇಲ್ಲ. ಸಾಮಾನ್ಯವಾಗಿ ಇಲ್ಲ. ಆದರೆ ಹಾಗಂದು ಫೋನಿಟ್ಟರೆ ಅವರ ಭಯ ಹೋಗುವುದಿಲ್ಲ. ಒಳಗೆ ಏನಾಗುತ್ತಿದೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಹಲ್ಲಿನ ಹೊರಗಿನ ಪದರ ಎನಾಮಲ್. ಬಲು ಗಟ್ಟಿ, ಅದರಲ್ಲಿ ನರವೇ ಇಲ್ಲ. ಅದರ ಕೆಳಗಿನದು ಡೆಂಟಿನ್. ಡೆಂಟಿನ್ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು. ಒಂದು ಚದರ ಮಿಲಿಮೀಟರ್ ಜಾಗದಲ್ಲೇ ಸಾವಿರ ಸಾವಿರ ಕೊಳವೆ. ಅವುಗಳ ಒಳಗೆ ನೀರಿನಂಥ ದ್ರವ, ಇನ್ನೊಂದು ತುದಿಯಲ್ಲಿ ನರ. ತಣ್ಣನೆಯದು ತಾಗಿದರೆ ಆ ದ್ರವ ಅಲುಗುತ್ತದೆ, ಅದು ನರಕ್ಕೆ ಗೊತ್ತಾಗುತ್ತದೆ.

ಹಲ್ಲು ಬಿಳಿ ಮಾಡುವ ಮದ್ದು ಪೆರಾಕ್ಸೈಡ್. ಅದರ ಕಣ ಎಷ್ಟು ಚಿಕ್ಕದೆಂದರೆ ಎನಾಮಲ್ ದಾಟಿ, ಡೆಂಟಿನ್ ದಾಟಿ, ಕೆಲವೇ ನಿಮಿಷಗಳಲ್ಲಿ ಹಲ್ಲಿನ ಒಳಗಿನ ಜೀವಭಾಗ ತಲುಪುತ್ತದೆ. ಒಳಗೆ ಹೋಗಲೇಬೇಕು, ಯಾಕೆಂದರೆ ಹಲ್ಲಿಗೆ ಹಳದಿ ಕೊಡುವ ಬಣ್ಣ ಇರುವುದೂ ಒಳಗೇ. ಅಲ್ಲಿ ಬಣ್ಣವನ್ನು ಒಡೆಯುತ್ತದೆ, ಜೊತೆಗೆ ನರವನ್ನೂ ಕೆಣಕುತ್ತದೆ. ಕೆಣಕಿದ ನರ ಶಾಂತವಾಗುವುದಕ್ಕೆ ಕೆಲವು ದಿನ ಬೇಕು. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ಕೆಲವರಿಗೆ ವಾರ, ಅಪರೂಪಕ್ಕೆ ಎರಡು ವಾರ.

ಹಾಗಾದರೆ ತೊಂದರೆ ಎಲ್ಲಿ? ನನ್ನ ಅನುಭವದಲ್ಲಿ, ಆತುರದಲ್ಲಿ.

ಒಬ್ಬ ಹುಡುಗಿ ಬಂದಿದ್ದಳು. ಮನೆಯಲ್ಲಿ ರಾತ್ರಿ ಟ್ರೇ, ಅಂದರೆ ಹಲ್ಲಿನ ಮೇಲೆ ಕೂರುವ ತೆಳು ಅಚ್ಚು, ಹಾಕಿಕೊಂಡು ಬಿಳಿ ಮಾಡುವ ಜೆಲ್ ಬಳಸುತ್ತಿದ್ದಳು. ಉಳಿದ ಹಲ್ಲೆಲ್ಲ ಚೆನ್ನಾಗಿ ಬಿಳಿಯಾಗಿತ್ತು, ಒಂದು ಮಾತ್ರ ಹಾಗೇ ಇತ್ತು. ಅದೊಂದು ಬಿಳಿಯಾಗಲಿ ಅಂತ ಮತ್ತೆ ಆರು ರಾತ್ರಿ ಬಿಡದೆ ಜೆಲ್ ಹಾಕಿದ್ದಳು. ನನ್ನ ಮುಂದೆ ಕೂತಾಗ ಬಾಯಿ ತೆರೆದು ಉಸಿರೆಳೆಯುವುದಕ್ಕೂ ಹೆದರುತ್ತಿದ್ದಳು, ಗಾಳಿ ತಾಗಿದರೂ ಜುಮ್ಮೆನ್ನುತ್ತಿತ್ತು. ನೋಡಿದರೆ ಆ ಒಂದು ಹಲ್ಲಿನ ಮೇಲೆ ಹಳೆಯ ಕ್ಯಾಪ್ ಇತ್ತು. ಕ್ಯಾಪ್ ಆಗಲಿ, ಫಿಲ್ಲಿಂಗ್ ಆಗಲಿ ಯಾವ ಜೆಲ್‌ಗೂ ಬಿಳಿಯಾಗುವುದಿಲ್ಲ. ಇದನ್ನು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಇನ್ನೊಂದು ಆತುರ ಇದೆ. ಬಿಳಿ ಮಾಡಿದ ಕೂಡಲೇ ಹಲ್ಲಿನಲ್ಲಿ ನೀರಿನಂಶ ಕಡಿಮೆಯಾಗಿರುತ್ತದೆ, ಅದಕ್ಕೇ ಇರುವುದಕ್ಕಿಂತ ಜಾಸ್ತಿ ಬೆಳ್ಳಗೆ ಕಾಣುತ್ತದೆ. ಒಂದೆರಡು ದಿನದಲ್ಲಿ ನೀರು ಮತ್ತೆ ಸೇರಿ ಬಣ್ಣ ಸ್ವಲ್ಪ ಇಳಿಯುತ್ತದೆ. ಅದು ಸಹಜ. ‘ಅಯ್ಯೋ, ಮತ್ತೆ ಹಳದಿಯಾಯ್ತು’ ಅಂತ ಗಾಬರಿಯಾಗಿ ಇನ್ನೊಂದು ಸುತ್ತು ಶುರು ಮಾಡಬೇಡಿ.

ಜುಮ್ಮೆಂದರೆ ಜೆಲ್ ನಿಲ್ಲಿಸಿ. ಎರಡು ಮೂರು ದಿನ ಬಿಡಿ. ಆಮೇಲೆ ದಿನ ಬಿಟ್ಟು ದಿನ ಹಾಕಿ, ಹಾಕುವ ಹೊತ್ತನ್ನೂ ಕಡಿಮೆ ಮಾಡಿ. ಬಿಳುಪು ಕೈತಪ್ಪಿ ಹೋಗುವುದಿಲ್ಲ. ಮನೆಯಲ್ಲಿ ರಾತ್ರಿ ಟ್ರೇ ಹಾಕುವ ಈ ಕ್ರಮ 1989ರಲ್ಲಿ ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾದದ್ದು ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್‌ನಿಂದ. ಅದು ಸುಮಾರು ಶೇಕಡಾ 3.5 ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಮ. ಅಷ್ಟು ಮೆಲುವಾದ ಜೆಲ್ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ, ದಿನ ಸ್ವಲ್ಪ ಜಾಸ್ತಿ ಬೇಕು ಅಷ್ಟೇ. ಕಟುವಾದ ಜೆಲ್ ಬೇಗ ಬಿಳಿ ಮಾಡುತ್ತದೆ, ನೋವನ್ನೂ ಜಾಸ್ತಿ ಕೊಡುತ್ತದೆ.

ನೋವು ತಗ್ಗಿಸುವುದಕ್ಕೆ ಒಳ್ಳೆಯ ಉಪಾಯ ಒಂದಿದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಟೂತ್‌ಪೇಸ್ಟ್. ಟ್ಯೂಬಿನ ಮೇಲೆ ಹೆಸರು ಬರೆದಿರುತ್ತದೆ, ಸಾಮಾನ್ಯವಾಗಿ ಶೇಕಡಾ 5. ಇದು ನರವನ್ನು ಸಮಾಧಾನ ಮಾಡುತ್ತದೆ. ಒಂದೇ ದಿನದಲ್ಲಿ ಗುಣ ಕಾಣುವುದಿಲ್ಲ, ಬಿಳಿ ಮಾಡಿಸುವ ಎರಡು ವಾರ ಮೊದಲೇ ದಿನಕ್ಕೆರಡು ಸಲ ಇದರಲ್ಲಿ ಹಲ್ಲುಜ್ಜಲು ಶುರು ಮಾಡಿದರೆ ಒಳ್ಳೆಯದು. ಫ್ಲೋರೈಡ್ ಬೇರೆ ದಾರಿಯಲ್ಲಿ ಸಹಾಯ ಮಾಡುತ್ತದೆ, ಆ ಕೊಳವೆಗಳ ಬಾಯಿ ಮುಚ್ಚಲು. ನೋವು ಜೋರಿದ್ದರೆ ಮಲಗುವ ಮುಂಚೆ ಬಟಾಣಿ ಕಾಳಿನಷ್ಟು ಪೇಸ್ಟ್ ಬೆರಳ ತುದಿಗೆ ತೆಗೆದುಕೊಂಡು, ಜುಮ್ಮೆನ್ನುವ ಹಲ್ಲಿಗೆ ಮೆಲ್ಲಗೆ ಹಚ್ಚಿ. ಒಂದು ನಿಮಿಷ ಬಿಟ್ಟು ಉಗಿಯಿರಿ. ಬಾಯಿ ಮುಕ್ಕಳಿಸಬೇಡಿ. ಬಿಳಿ ಮಾಡುವ ಪೇಸ್ಟ್ ಇದ್ದರೆ ಕೆಲವು ದಿನ ಪಕ್ಕಕ್ಕಿಡಿ, ಅದು ಒರಟಾಗಿರಬಹುದು.

ತಣ್ಣನೆಯದು, ತೀರಾ ಬಿಸಿಯದು, ಹುಳಿ, ತಂಪು ಪಾನೀಯ ಕೆಲವು ದಿನ ಬೇಡ. ಮೆದು ಬ್ರಷ್ ಬಳಸಿ. ನಿಂಬೆರಸ, ಇದ್ದಿಲ ಪುಡಿ ತಿಕ್ಕುವುದಂತೂ ಬೇಡವೇ ಬೇಡ. ಹುಳಿ ಎನಾಮಲ್ ಕರಗಿಸುತ್ತದೆ, ಪುಡಿ ಉಜ್ಜಿ ತೆಗೆಯುತ್ತದೆ, ಮತ್ತೆ ಅದು ಬೆಳೆಯುವುದಿಲ್ಲ. ನೋವಿನ ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿ. ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ, ಬಸುರಿಯರಿಗೆ ಎಲ್ಲ ಮಾತ್ರೆಯೂ ಆಗುವುದಿಲ್ಲ.

ಒಸಡು ಬೆಳ್ಳಗಾಗಿ ಉರಿದರೆ ಜೆಲ್ ಸೋರಿ ತಾಗಿದೆ ಎಂದರ್ಥ. ಟ್ರೇಯಲ್ಲಿ ಸ್ವಲ್ಪವೇ ಹಾಕಿ, ಹೊರಬಂದದ್ದನ್ನು ಒರೆಸಿ. ಒಂದೆರಡು ದಿನದಲ್ಲಿ ಉರಿ ಹೋಗುತ್ತದೆ.

ಕೆಲವು ನೋವು ಮಾತ್ರ ಬೇರೆ ಜಾತಿಯವು. ಒಂದೇ ಹಲ್ಲು ಬಿಡದೆ ನೋಯುತ್ತಿದೆ, ನಿದ್ದೆಯಿಂದ ಎಬ್ಬಿಸುತ್ತಿದೆ, ಬಿಸಿ ತಾಗಿದ ಮೇಲೆ ನೋವು ಬಹಳ ಹೊತ್ತು ನಿಲ್ಲುತ್ತಿದೆ, ಕಚ್ಚಿದರೆ ನೋಯುತ್ತಿದೆ, ಅಥವಾ ಎರಡು ವಾರ ಕಳೆದರೂ ಕಡಿಮೆಯಾಗಿಲ್ಲ. ಇವು ಹುಳುಕೋ ಬಿರುಕೋ ಇರಬಹುದು. ಕಾಯಬೇಡಿ, ತೋರಿಸಿ. ಬಿಳಿ ಮಾಡಿಸುವ ಮೊದಲೇ ಹಲ್ಲು ತೋರಿಸಿ ಅಂತ ನಾವು ಹೇಳುವುದೂ ಇದಕ್ಕೇ. ಹುಳುಕಿದ್ದರೆ ಜೆಲ್ ನೇರ ಒಳಗೆ ಇಳಿಯುತ್ತದೆ, ಒಸಡು ಇಳಿದು ಬೇರು ಕಾಣುತ್ತಿದ್ದರೆ ಅಲ್ಲಂತೂ ಕಾಪಾಡುವ ಎನಾಮಲ್ಲೇ ಇಲ್ಲ.

ಆ ಹುಡುಗಿಯ ವಿಷಯ ಹೇಳಿದೆನಲ್ಲ. ಅವಳಿಗೆ ಜೆಲ್ ನಿಲ್ಲಿಸಿ, ಅದೇ ಟ್ರೇಯಲ್ಲಿ ನೋವು ತಗ್ಗಿಸುವ ಜೆಲ್ ದಿನಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಲು ಕೊಟ್ಟೆ. ಹತ್ತನೇ ದಿನ ಬಂದಳು. ಕೂತ ಕೂಡಲೇ ಪಕ್ಕದಲ್ಲಿದ್ದ ತಣ್ಣೀರಿನ ಲೋಟ ಎತ್ತಿ ಗಟಗಟ ಕುಡಿದು, ನನ್ನ ಮುಖ ನೋಡಿದಳು. ಕ್ಯಾಪ್ ಬದಲಾಯಿಸುವ ಮಾತು ಆಮೇಲೆ ಬಂತು.

ನಮಸ್ಕಾರ.