ಮರ ಯಾವುದು, ಪ್ರತಿಬಿಂಬ ಯಾವುದು? ಮೋನೆಯ ಮಂಜಿನ ಲೆಕ್ಕ

[ಚಿತ್ರ ಪರದೆ ತುಂಬ. 3 ಸೆಕೆಂಡ್ ಮೌನ]

ಈ ಚಿತ್ರ ತಲೆಕೆಳಗಾಗಿದೆ. ಸಟ್ಟನೆ ಗೊತ್ತಾಗಲ್ಲ, ಅಲ್ವಾ? ಯಾಕೆ ಗೊತ್ತಾಗಲ್ಲ ಅನ್ನೋದೇ ಇವತ್ತಿನ ಪ್ರಶ್ನೆ.

[ಚಿತ್ರ ನೆಟ್ಟಗೆ]

ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯ 'ಸೇನ್ ನದಿಯ ಬೆಳಗು' ಸರಣಿಯ ಚಿತ್ರ ಇದು. ಫ್ರಾನ್ಸಿನ ಜಿವರ್ನಿ ಹತ್ತಿರ, ಎಪ್ಟ್ ಹೊಳೆ ಸೇನ್ ನದಿಗೆ ಸೇರೋ ಜಾಗ. 1896ರಲ್ಲಿ ಶುರುವಾದ ಕೆಲಸಕ್ಕೆ ಮಳೆ ಅಡ್ಡ ಬಂತು, 1897ರಲ್ಲಿ ಮುಂದುವರಿಯಿತು. ಮೋನೆಯ ಶೈಲಿಗೆ ಇಂಪ್ರೆಷನಿಸಂ ಅಂತಾರೆ, ಅದರ ಪಾಠ ಬಿಡಿ, ಸೀದಾ ಮೋನೆ ಚಿತ್ರ ಬರೀತಿದ್ದ ದೋಣಿ ಹತ್ತೋಣ.

ರಾತ್ರಿ ಗಾಳಿ ಬೇಗ ತಣ್ಣಗಾಗತ್ತೆ, ಹೊಳೆ ನೀರು ಬೆಚ್ಚಗೇ ಉಳಿಯತ್ತೆ. ನೀರಿನಿಂದ ಎದ್ದ ಆವಿ ಆ ತಣ್ಣನೆ ಗಾಳಿಯಲ್ಲಿ ಮಂಜಾಗತ್ತೆ. ಬಿಸಿಲೇರಿದ್ರೆ ಕರಗಿಹೋಯ್ತು. ಒಂದು ಬಗೆಯ ಬೆಳಕು ನಿಲ್ಲೋದು ಕೆಲವೇ ನಿಮಿಷ, ಎಣ್ಣೆಬಣ್ಣ ಒಣಗೋಕೆ ದಿನಗಟ್ಟಲೆ ಬೇಕು. ಹಸಿ ಬಣ್ಣದ ಮೇಲೆ ಅವಸರಪಟ್ಟು ಇನ್ನೊಂದು ಎಳೆದ್ರೆ ಎರಡೂ ಕಲಸಿ ಕೆಸರು.

ಇದಕ್ಕೆ ಮೋನೆ ಹುಡುಕಿದ ದಾರಿಯನ್ನ ಪತ್ರಕರ್ತ ಮೋರಿಸ್ ಗಿಯ್ಮೊ 1897ರ ಆಗಸ್ಟ್‌ನಲ್ಲಿ ಕಣ್ಣಾರೆ ಕಂಡು ಬರೆದಿದ್ದಾನೆ. ಏಳೋದು ಬೆಳಗಿನ ಜಾವ ಮೂರೂವರೆಗೆ. ನದಿಯಲ್ಲಿ ಲಂಗರು ಹಾಕಿದ ಚಪ್ಪಟೆ ತಳದ ದೋಣಿ, ಅದೇ ಸ್ಟುಡಿಯೋ. ತೋಟದ ಸಹಾಯಕ ಕಟ್ಟು ಬಿಚ್ಚುತ್ತಾನೆ: ಎರಡೆರಡು ಜೋಡಿಸಿದ ಕ್ಯಾನ್ವಾಸ್, ಒಂದೊಂದಕ್ಕೂ ನಂಬರ್. ಒಟ್ಟು 14, ಎಲ್ಲವೂ ಒಟ್ಟಿಗೇ ನಡೀತಿದ್ದ ಕೆಲಸ! ಬೆಳಕು ಬದಲಾಯ್ತಾ, ಈ ಕ್ಯಾನ್ವಾಸ್ ಕೆಳಗಿಡು, ಮುಂದಿನದು ಕೊಡು. ಮಾರನೇ ದಿನ ಅದೇ ಬೆಳಕು ಬಂದಾಗ ಅದೇ ಕ್ಯಾನ್ವಾಸ್ ಮತ್ತೆ ಕೈಗೆ. ಬೆಳಕನ್ನ ಬೆನ್ನಟ್ಟೋ ಬದಲು ಅದು ಬರೋ ಹೊತ್ತಿಗೆ ಕ್ಯಾನ್ವಾಸ್ ಹಿಡಿದು ಕೂತಿರೋದು. ನಮಗೆ ಈ ಸರಣಿಯಲ್ಲಿ ಕುಂಚದಷ್ಟೇ ದೊಡ್ಡದು ಅನ್ನಿಸೋದು ಈ ನಂಬರುಗಳು.

[ಅದೇ ಚಿತ್ರ, ಕಪ್ಪುಬಿಳುಪಿನಲ್ಲಿ]

ಈಗ ಬಣ್ಣ ತೆಗೆದು ನೋಡಿ. ದೂರದ ಮರ, ನೀರು, ಆಕಾಶ ಹೆಚ್ಚುಕಡಿಮೆ ಒಂದೇ ಬೂದು. ನೀಲಿ, ನೇರಳೆ, ಹಸಿರು ಬೇರೆ ಬೇರೆ ಬಣ್ಣ, ಆದ್ರೆ ತಿಳಿಪು, ಅಂದ್ರೆ ಬಣ್ಣ ಎಷ್ಟು ತಿಳಿ ಎಷ್ಟು ಕಡು ಅನ್ನೋದು, ಹೆಚ್ಚುಕಡಿಮೆ ಒಂದೇ. ಕಣ್ಣು ಅಂಚನ್ನ ಗುರುತಿಸೋದು ಬಹುಪಾಲು ತಿಳಿ-ಕಡು ವ್ಯತ್ಯಾಸದಿಂದ. ಅದನ್ನೇ ತೆಗೆದುಬಿಟ್ರೆ ದಡ ಕರಗತ್ತೆ, ಮರ ಯಾವುದು ಪ್ರತಿಬಿಂಬ ಯಾವುದು ಅಂತ ಸಟ್ಟನೆ ಗೊತ್ತಾಗಲ್ಲ.

ನೀವೂ ಮಾಡಿ ನೋಡಿ. ಆ ಮೂರು ಬಣ್ಣ ಕಲಸಿ ಪಕ್ಕಪಕ್ಕ ಇಡಿ, ಫೋನ್‌ನಲ್ಲಿ ಕಪ್ಪುಬಿಳುಪು ಫೋಟೋ ತೆಗೀರಿ. ಎದ್ದು ಕಾಣೋದನ್ನ ಸರಿಮಾಡಿ. ಎಡವೋದು ಇಲ್ಲೇ: ತಿಳಿ ಮಾಡೋಕೆ ಬರೀ ಬಿಳಿ ಸುರಿದ್ರೆ ಮಂಜಲ್ಲ, ಸುಣ್ಣ ಬಳಿದ ಗೋಡೆ. ಬಿಳಿ ಜೊತೆ ಚಿಟಿಕೆಯಷ್ಟು ಹಳದಿನೋ ಕೆಂಪೋ ಸೇರಿಸಿ.

ಟೈಮ್ ಕಮ್ಮಿ ಇದೆ, ಉಳಿದದ್ದು ಚುಟುಕಾಗಿ. ಈ ಸರಣಿಯಲ್ಲಿ ಷಿಕಾಗೋದ ಮ್ಯೂಸಿಯಂನಲ್ಲಿರೋ ಚಿತ್ರ 89.9 x 92.7 ಸೆಂಟಿಮೀಟರ್, ಹತ್ತಿರ ಹತ್ತಿರ ಚೌಕ. ಅಗಲದ ಕ್ಯಾನ್ವಾಸ್ ಕಣ್ಣನ್ನ ದಡದುದ್ದಕ್ಕೂ ಎಳೀತಿತ್ತು, ಚೌಕದಲ್ಲಿ ಮರಕ್ಕೂ ಪ್ರತಿಬಿಂಬಕ್ಕೂ ಸಮಪಾಲು. 1898ರ ಜೂನ್‌ನಲ್ಲಿ ಪ್ಯಾರಿಸ್ಸಿನ ಜಾರ್ಜ್ ಪೆತಿ ಗ್ಯಾಲರಿಯಲ್ಲಿ ಈ ಸರಣಿಯ ಪ್ರದರ್ಶನ ಆಯ್ತು.

ಅಂದಹಾಗೆ, ಶುರುವಿನಲ್ಲಿ ತೋರಿಸುವಾಗ ಮೂಲೆಯ ಸಹಿಯನ್ನ ಮುಚ್ಚಿದ್ವಿ. ಅದೊಂದು ಕಂಡಿದ್ರೆ ನೀವು ಹಿಡಿದುಬಿಡ್ತಿದ್ರಿ.

[ಸಹಿ ಕಾಣುವಂತೆ ಪೂರ್ತಿ ಚಿತ್ರ. ಕಟ್]