ಎರಡು ದಿನದ ಪುಣೆ, ಮಧ್ಯಾಹ್ನದ ಮುಲ್ತಾನಿ

ಕೇಳುಗರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಸಂಗೀತದ ಹುಚ್ಚಿನವರ ನಡುವೆ ಒಂದು ಪ್ರಶ್ನೆ ಓಡಾಡತೊಡಗುತ್ತದೆ: "ಈ ಸಲ ಸವಾಯಿಗೆ ಹೊಂಟೀರೇನ್ರಿ?" ಸವಾಯಿ ಅಂದರೆ ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಹಿಂದುಸ್ತಾನಿ ಸಂಗೀತದ ಐದು ದಿನದ ಹಬ್ಬ ಅದು. ನೌಕರಿ ಮಾಡುವವರಿಗೆ ಐದೂ ದಿನ ಎಲ್ಲಿಂದ ಸಿಗಬೇಕು? ಕೊನೆಯ ಶನಿವಾರ, ಭಾನುವಾರ ಹಿಡಿದುಕೊಂಡು ಗೆಳೆಯರ ಗುಂಪು ಶುಕ್ರವಾರ ರಾತ್ರಿ ಹೊರಡುತ್ತದೆ. ಕೆಲವರು ಬಸ್ಸಿನ ಪಕ್ಷ. ನಾನು ರೈಲಿನ ಪಕ್ಷ, ಯಾಕೆಂದರೆ ದಾರಿಯಲ್ಲಿ ಮಿರಜ ಬರುತ್ತದೆ.

ಪುಣೆಯ ವೇದಿಕೆಯ ಮೇಲೆ ಗಾಯಕರ ಹಿಂದೆ ಮಿಡಿಯುವ ತಂಬೂರಿಗಳು ಸಾಮಾನ್ಯವಾಗಿ ಮಿರಜದವು. ದೊಡ್ಡ ಸೋರೆಬುರುಡೆಯನ್ನು ಒಣಗಿಸಿ, ಕೊರೆದು, ಕಟ್ಟಿಗೆಗೆ ಕೂಡಿಸಿ ತಂಬೂರಿ ಮಾಡುವ ಮನೆತನಗಳು ಇಲ್ಲಿ ತಲೆಮಾರುಗಳಿಂದ ಇವೆ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಹಾಡಿಕೆಯ ಪರಂಪರೆಯ, ಅಬ್ದುಲ್ ಕರೀಮ್ ಖಾನರು ನೆಲೆಸಿದ್ದೂ ಇಲ್ಲೇ, ಅವರ ಸಮಾಧಿ ಇರುವುದೂ ಇಲ್ಲೇ. ಅವರ ಶಿಷ್ಯ ಕುಂದಗೋಳದ ರಾಮಭಾವು. ಆ ರಾಮಭಾವು ಅವರೇ ಸವಾಯಿ ಗಂಧರ್ವರು.

ಅವರ ಶಿಷ್ಯ ಭೀಮಸೇನ ಜೋಶಿಯವರ ಕಥೆ ನಿಮಗೆ ಗೊತ್ತಿರಬಹುದು. ಗದಗದ ಹುಡುಗ, ಹನ್ನೊಂದನೆಯ ವಯಸ್ಸಿಗೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಟಿಕೆಟ್ಟಿಲ್ಲದೆ ರೈಲಿನಲ್ಲಿ ಹಾಡುತ್ತ ಗ್ವಾಲಿಯರ್ ಕಂಡ, ಜಾಲಂಧರ ಕಂಡ. ಕೊನೆಗೆ ಅಲ್ಲಿ ಸಿಕ್ಕ ಸಲಹೆ, ಸವಾಯಿ ಗಂಧರ್ವರ ಬಳಿ ಹೋಗು ಅಂತ. ಅಂದರೆ ಗದಗದಿಂದ ಕೂಗಳತೆಯಲ್ಲಿದ್ದ ಕುಂದಗೋಳಕ್ಕೆ! ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಅವರ ನೆನಪಿಗೆ ಭೀಮಸೇನರು ಪುಣೆಯಲ್ಲಿ ಈ ಉತ್ಸವ ಶುರುಮಾಡಿದರು. ಇದನ್ನು ಹೇಳುವಾಗ ನಮ್ಮವರ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ. ಆದರೆ ಇಷ್ಟು ವರ್ಷ ನೆಲದ ಮೇಲೆ ಕೂತು ಆ ಉತ್ಸವವನ್ನು ಸಾಕಿದವರು ಪುಣೆಯ ಮರಾಠಿ ಕೇಳುಗರು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಇನ್ನು ಊರು ನೋಡುವ ವಿಷಯ. ಕಛೇರಿ ಶುರುವಾಗುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಮುಂಜಾನೆ ನಿಮ್ಮದು. ಪ್ರತಿ ಗುಂಪಿನಲ್ಲೂ ಪಟ್ಟಿ ಹಿಡಿದ ಒಬ್ಬ ಗೆಳೆಯ ಇರುತ್ತಾನೆ: ಸಿಂಹಗಡ, ಪರ್ವತಿ, ಆಗಾ ಖಾನ್ ಅರಮನೆ, ಎಲ್ಲ ಒಂದೇ ದಿನದಲ್ಲಿ ಆಗಬೇಕು ಅವನಿಗೆ. ಅವನ ಮಾತು ಕೇಳಬೇಡಿ. ಕಾಲು ಸೋತವನ ಕಿವಿಯೂ ಸೋಲುತ್ತದೆ. ಸಂಜೆ ನಿಧಾನಗತಿಯ ವಿಲಂಬಿತ ಖಯಾಲ್ ಶುರುವಾದ ಕೂಡಲೇ ಅವನ ತಲೆ ಪಕ್ಕದವರ ಹೆಗಲ ಮೇಲಿರುತ್ತದೆ.

ಎರಡು ಜಾಗ ಸಾಕು. ಮೊದಲನೆಯದು ಶನಿವಾರವಾಡಾ. ಮೊದಲನೇ ಬಾಜೀರಾವ್ ಪೇಶ್ವೆ 1732ರ ಹೊತ್ತಿಗೆ ಕಟ್ಟಿಸಿದ ವಾಡೆ. 1828ರ ಬೆಂಕಿಯಲ್ಲಿ ಒಳಗಿನದೆಲ್ಲ ಸುಟ್ಟು, ಈಗ ಉಳಿದಿರುವುದು ಗೋಡೆ, ಬುರುಜು, ಅಡಿಪಾಯ. ದಿಲ್ಲಿ ದರವಾಜೆಯ ಕದಗಳಿಗೆ ಆನೆ ಗುದ್ದಬಾರದೆಂದು ಜಡಿದ ಕಬ್ಬಿಣದ ಮೊಳೆಗಳನ್ನು ಎಲ್ಲರೂ ನೋಡುತ್ತಾರೆ. ನೀವು ತಲೆ ಎತ್ತಿ ಮೇಲಿನ ಕಟ್ಟಿಗೆಯ ಅಂತಸ್ತನ್ನೂ ನೋಡಿ. ಅದು ನಗಾರಖಾನೆ, ನಗಾರಿ ಬಾರಿಸುತ್ತಿದ್ದ ಜಾಗ.

ಎರಡನೆಯದು ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ. ನನ್ನ ಕೇಳಿದರೆ ಶನಿವಾರವಾಡಾ ಬಿಟ್ಟರೂ ಇದನ್ನು ಬಿಡಬೇಡಿ. ದಿನಕರ ಕೇಳಕರರು ಜೀವಮಾನವಿಡೀ ಊರೂರು ತಿರುಗಿ ಕೂಡಿಸಿದ್ದು ಇದು. ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಇದಕ್ಕೆ ಇಟ್ಟರು. ದೀಪಗಳು, ಬಾಗಿಲುಗಳು, ಗಂಡುಹೆಣ್ಣುಗಳ ಆಕಾರದ ಅಡಕೊತ್ತುಗಳು. ವಾದ್ಯಗಳದೇ ಬೇರೆ ವಿಭಾಗ. ಗಾಜಿನ ಹಿಂದೆ ಮೌನವಾಗಿ ನಿಂತ ಸಾರಂಗಿಯನ್ನು ಮುಂಜಾನೆ ನೋಡಿ, ಅಂಥದೇ ಸಾರಂಗಿ ಸಂಜೆ ಗಾಯಕರ ಬೆನ್ನಿಗೆ ನುಡಿಯುವುದನ್ನು ಕೇಳಿದರೆ, ಅದರ ತಂತಿಗಳ ಕಾಡು ಏಕಿದೆ ಅನ್ನುವುದು ತಿಳಿಯುತ್ತದೆ.

ನಡುವೆ ಮಿಸಳ ತಿನ್ನಿ. ಅಂಗಡಿಗಳ ಮೇಲಿನ ಪುಣೇರಿ ಪಾಟಿಗಳನ್ನು ಓದಿ. ಗಿರಾಕಿಯನ್ನೇ ಗದರಿಸುವ ಫಲಕ ಈ ಊರಿನ ವಿಶೇಷ. ಮಧ್ಯಾಹ್ನ ಅಂಗಡಿಯವರು ಬಾಗಿಲು ಹಾಕಿ ನಿದ್ದೆ ಮಾಡಿದರೆ ಸಿಟ್ಟಾಗಬೇಡಿ. ನೀವೂ ಅರ್ಧ ತಾಸು ಒರಗಿರಿ.

ಉತ್ಸವ ಮೊದಲು ಹಳೆಯ ಊರಿನ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತು, ಶನಿವಾರವಾಡಾದಿಂದ ನಡೆದೇ ಹೋಗಬಹುದಿತ್ತು. ಈಗ ಮುಕುಂದನಗರಕ್ಕೆ ಹೋಗಿದೆ, ಆಟೋ ಬೇಕು. ಟಿಕೆಟ್ಟಿನಲ್ಲಿ ಖುರ್ಚಿಯೂ ಉಂಟು, ನೆಲದ ಮೇಲೆ ಕೂರುವ ಭಾರತೀಯ ಬೈಠಕ್ಕೂ ಉಂಟು. ಮೊಣಕಾಲು ಒಪ್ಪಿದರೆ ಬೈಠಕ್ಕನ್ನೇ ಹಿಡಿಯಿರಿ, ಅಗ್ಗವೂ ಹೌದು. ಮನೆಯಿಂದ ಒಂದು ಕೌದಿ ಒಯ್ಯಿರಿ. ಮೊದಲು ಹಾಸಲು, ಕತ್ತಲಾದ ಮೇಲೆ ಹೊದೆಯಲು. ಪುಣೆಯ ಡಿಸೆಂಬರ್ ಚಳಿ ನಮ್ಮ ಧಾರವಾಡದ್ದಕ್ಕಿಂತ ಕಡಿಮೆಯದಲ್ಲ.

ಮುಲ್ತಾನಿ ರಾಗವನ್ನು ಮನೆಯಲ್ಲಿ ಮೊಬೈಲಿನಲ್ಲಿ ಯಾವ ಹೊತ್ತಿಗೂ ಕೇಳಬಹುದು. ಆದರೆ ಇಳಿಬಿಸಿಲು ಪೆಂಡಾಲಿನ ಅಂಚಿಗೆ ಬಿದ್ದಿರುವಾಗ ಅದರ ಕೋಮಲ ಗಾಂಧಾರ ಸ್ವರ ಕಿವಿಗೆ ಬಿದ್ದರೆ, ಈ ರಾಗಕ್ಕೆ ಈ ಹೊತ್ತನ್ನೇ ಯಾಕೆ ಗೊತ್ತುಮಾಡಿದರು ಅಂತ ಯಾರೂ ಹೇಳಿಕೊಡಬೇಕಿಲ್ಲ. ಸಾವಿರಾರು ಜನ ಕೂತಿರುತ್ತಾರೆ. ಗಾಯಕಿ ಸ್ವರಗಳ ತಾನನ್ನು ಸುತ್ತಿ ಸುತ್ತಿ ತಂದು ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಇಳಿಸಿದಾಗ ಅಷ್ಟೂ ಜನರ ಕೈ ಒಟ್ಟಿಗೆ ಏಳುತ್ತದೆ. ತೊಡೆಯ ಮೇಲೆ ತಾಳ ಹಾಕುತ್ತ ಕೂತ ಅಜ್ಜಂದಿರು ನಮ್ಮ ಕಡೆ ತಿರುಗಿ, ನೋಡಿದಿರಾ ಅನ್ನುವ ಹಾಗೆ ಹುಬ್ಬು ಹಾರಿಸುತ್ತಾರೆ. ಭಾಷೆ ಬೇರೆ ಇದ್ದರೇನು, ಅದಕ್ಕೆ ಉತ್ತರವಾಗಿ ನಾವೂ ಒಮ್ಮೆ ಹುಬ್ಬು ಹಾರಿಸಿದರೆ ಸಾಕು.

ಒಂದು ಕೊರತೆ ಇದೆ. ಹಿಂದೆ ಇಲ್ಲಿ ಬೆಳತನಕ ಹಾಡುತ್ತಿದ್ದರು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಬಂದ ಮೇಲೆ ಬಯಲಿನ ಕಛೇರಿ ರಾತ್ರಿ 10ಕ್ಕೆ ನಿಲ್ಲಬೇಕು. ವಿಶೇಷ ಅನುಮತಿ ಸಿಕ್ಕ ದಿನ ನಡುರಾತ್ರಿಯವರೆಗೆ. ನಿಯಮ ತಪ್ಪೆನ್ನಲಾರೆ, ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳು, ರೋಗಿಗಳು ಇರುತ್ತಾರೆ. ಆದರೆ ಅದರಿಂದ ಒಂದು ಪರಿಣಾಮವಾಯಿತು. ಲಲತ, ಭೈರವ, ತೋಡಿಯಂಥ ಬೆಳಗಿನ ರಾಗಗಳು ದೊಡ್ಡ ಸಭೆಗಳಲ್ಲಿ ಅಪರೂಪವಾದವು. ಪ್ರಸಿದ್ಧರ ಬಾಯಲ್ಲಿ ಸಂಜೆಯ ರಾಗವಾದ ಯಮನವನ್ನು ಎಷ್ಟು ಸಲ ಕೇಳಿದ್ದೇವೆ! ಲಲತ ಕೇಳಿದ್ದು ಎಷ್ಟು ಸಲ?

ಅಹೋರಾತ್ರಿಯ ಆಸೆ ಇದ್ದವರು ಪುಣೆಯವರೆಗೂ ಹೋಗಬೇಕಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ, ಅಬ್ದುಲ್ ಕರೀಮ್ ಖಾನರು ಬಂದು ಇಳಿದುಕೊಳ್ಳುತ್ತಿದ್ದ ಅದೇ ಮನೆಯಲ್ಲಿ, ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಹಾಡಿಕೆ ನಡೆಯುವ ಪದ್ಧತಿ ಇದೆ. ಹುಬ್ಬಳ್ಳಿಯಿಂದ ಬಸ್ಸಿಗೆ ಒಂದು ತಾಸಿನೊಳಗಿನ ದಾರಿ. ಕೌದಿ ಅಲ್ಲಿಗೂ ಬೇಕಾಗುತ್ತದೆ.

ನಮಸ್ಕಾರ.